ಗ್ಲೈಡರ್ ಟ್ರೈಲರ್ ಎಳೆಯಲು ಯಾವ ಕಾರು ಸೂಕ್ತ? ಜರ್ಮನಿಯಲ್ಲಿರುವ ಅನುಭವಿಗಳ ಸಲಹೆ ಬೇಕು

ಪ್ರಶ್ನೆ ಕೇಳಿದವರು: ನೆಕ್ಕರ್‌ತೀರ

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್ ಹತ್ತಿರದ ಎಸ್ಲಿಂಗೆನ್‌ನಲ್ಲಿ ಕುಟುಂಬದೊಂದಿಗೆ ವಾಸವಾಗಿದ್ದೇನೆ. ಕಿರ್ಖ್‌ಹೈಮ್ ಪಕ್ಕದ ಹಾನ್‌ವೈಡೆ ಮೈದಾನದಲ್ಲಿ ಗ್ಲೈಡರ್ ಹಾರಿಸುವ ಕ್ಲಬ್ಬೊಂದರ ಸದಸ್ಯ. ಕ್ಲಬ್ಬಿನ ಗೆಳೆಯರೊಬ್ಬರ ಜೊತೆ ಪಾಲು ಹಾಕಿ, 15 ಮೀಟರ್ ರೆಕ್ಕೆಯಗಲದ, ಒಬ್ಬರೇ ಕೂರುವ ಎಲ್‌ಎಸ್4 ಗ್ಲೈಡರೊಂದನ್ನು ಅದರ ಕೋಬ್ರಾ ಟ್ರೈಲರ್ ಸಮೇತ ಕೊಂಡಿದ್ದೇವೆ. ಈ ಕ್ರೀಡೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ: ಈ ಗ್ಲೈಡರ್‌ಗೆ ಎಂಜಿನ್ ಇಲ್ಲ. ಬಿಸಿಗಾಳಿ ಮೇಲೇಳುವ ಜಾಗಗಳನ್ನು ಹುಡುಕಿಕೊಂಡು ನೂರಾರು ಕಿಲೋಮೀಟರ್ ಹಾರುವ ಈ ವಿಮಾನ, ಗಾಳಿ ಕೈಕೊಟ್ಟ ದಿನ ಯಾರದೋ ಹೊಲದಲ್ಲಿ ಇಳಿಯಬೇಕಾಗುತ್ತದೆ. ಆಗ ರೆಕ್ಕೆಗಳನ್ನು ಕಳಚಿ, ಎಲ್ಲವನ್ನೂ ಮುಚ್ಚಿದ ಉದ್ದನೆಯ ಟ್ರೈಲರ್‌ನೊಳಗೆ ಸೇರಿಸಿ, ಕಾರಿನ ಹಿಂದೆ ಕಟ್ಟಿಕೊಂಡು ವಾಪಸು ತರಬೇಕು.

ನಮ್ಮ ಟ್ರೈಲರ್‌ನ ಫಲಕದ ಮೇಲೆ ಒಟ್ಟು ಅನುಮತಿಸಿದ ತೂಕ 1,000 ಕಿಲೋ ಎಂದಿದೆ. ಖಾಲಿ ಟ್ರೈಲರ್ 620 ಕಿಲೋ. ಈಗಿರುವ ನಮ್ಮ ಕೊರೊಲಾ 1.8 ಹೈಬ್ರಿಡ್ ಎಸ್ಟೇಟ್ (ಹಿಂದೆ ಸಾಮಾನಿಗೆ ಉದ್ದನೆಯ ಜಾಗವಿರುವ) ಕಾರಿಗೆ 750 ಕಿಲೋ ಮಾತ್ರ ಎಳೆಯಲು ಅನುಮತಿ ಇರುವುದರಿಂದ ಕಾರು ಬದಲಿಸುವುದು ಅನಿವಾರ್ಯವಾಗಿದೆ. ಆಗೊಮ್ಮೆ ಈಗೊಮ್ಮೆ ಕ್ಲಬ್ಬಿನ ಇಬ್ಬರು ಕೂರುವ ಗ್ಲೈಡರಿನ ಟ್ರೈಲರನ್ನೂ ಎಳೆಯಬೇಕಾಗಬಹುದು. ಅದರ ಫಲಕದಲ್ಲಿ 1,400 ಕಿಲೋ ಎಂದಿದೆ. ಬೇಸಿಗೆ ರಜೆಯಲ್ಲಿ ಫ್ರಾನ್ಸಿನ ಸಿಸ್ಟರೋನ್ ಕಡೆಗೆ, ಎಂದರೆ ಸ್ವಿಟ್ಜರ್ಲೆಂಡ್ ದಾಟಿ ಗ್ರೆನೋಬಲ್ ಮೂಲಕ, ಹೋಗುವ ಆಸೆಯೂ ಇದೆ. ನಮ್ಮ ಊರಿನ ಲೈಸೆನ್ಸ್ ಇಲ್ಲಿ ಆರು ತಿಂಗಳ ನಂತರ ನಡೆಯುವುದಿಲ್ಲವಾದ್ದರಿಂದ, ನಾನೂ ನನ್ನ ಪತ್ನಿಯೂ ಇಲ್ಲಿಯೇ ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆ ಬರೆದು ಬಿ ವರ್ಗದ ಲೈಸೆನ್ಸ್ ಪಡೆದಿದ್ದೇವೆ. ನಾನು ಹೊಲದಲ್ಲಿ ಇಳಿದ ದಿನ ಟ್ರೈಲರ್ ತರುವವರು ಅವರೇ.

ಬಳಸಿದ ಕಾರುಗಳಲ್ಲಿ ಮೂರು ನನ್ನ ಕಣ್ಣ ಮುಂದಿವೆ: ಸ್ಕೋಡಾ ಆಕ್ಟೇವಿಯಾ ಕಾಂಬಿ (ಎಸ್ಟೇಟ್) 2.0 ಡೀಸೆಲ್, ಟೊಯೋಟಾ ರ‍್ಯಾವ್4 ಹೈಬ್ರಿಡ್, ಮತ್ತು ಟೆಸ್ಲಾ ಮಾಡೆಲ್ ವೈ ಅಥವಾ ಹ್ಯುಂಡೈ ಐಯಾನಿಕ್ 5. ಎಷ್ಟು ಅಶ್ವಶಕ್ತಿ ಬೇಕು, ಎಸ್‌ಯುವಿ ನಿಜಕ್ಕೂ ಅಗತ್ಯವೇ, ಎಲೆಕ್ಟ್ರಿಕ್ ಕಾರಿನಿಂದ ಈ ಕೆಲಸ ಆಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಬೆಟ್ಟದಗಾಳಿ (ಉಲ್ಮ್)

ನಮಸ್ಕಾರ. ಗ್ಲೈಡರ್ ಕೊಂಡದ್ದಕ್ಕೆ ಅಭಿನಂದನೆಗಳು. ಅಶ್ವಶಕ್ತಿಯ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಕಾಗದಪತ್ರಗಳನ್ನು ತೆರೆಯಿರಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಆಗುವ ಗೊಂದಲವೆಲ್ಲ ಎರಡು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಎಂದು ತಿಳಿಯುವುದರಿಂದ ಹುಟ್ಟುತ್ತದೆ.

ಮೊದಲನೆಯದು ಕಾರಿನ ಲೆಕ್ಕ. ನೋಂದಣಿ ಪತ್ರದ ಒಂದನೆಯ ಭಾಗದಲ್ಲಿ ಒ.1 ಎಂಬ ಅಂಕಣವಿದೆ. ಬ್ರೇಕ್ ಇರುವ ಟ್ರೈಲರನ್ನು ಆ ಕಾರು ಎಷ್ಟು ತೂಕದವರೆಗೆ ಎಳೆಯಬಹುದು ಎಂಬುದು ಅಲ್ಲಿರುತ್ತದೆ. ಇಲ್ಲಿ ಎಣಿಕೆಗೆ ಬರುವುದು ಆ ದಿನ ಟ್ರೈಲರ್ ನಿಜವಾಗಿ ತೂಗುವ ತೂಕ. ನಿಮ್ಮ ಖಾಲಿ ಟ್ರೈಲರ್ 620 ಕಿಲೋ, ಎಲ್‌ಎಸ್4 ಸುಮಾರು 240 ಕಿಲೋ, ಅದರ ಮೇಲೆ ರೆಕ್ಕೆ ಹಿಡಿಯುವ ಸ್ಟ್ಯಾಂಡು, ಗ್ಲೈಡರನ್ನು ನೆಲದ ಮೇಲೆ ಎಳೆಯುವ ಪುಟ್ಟ ಗಾಡಿ, ಹೊದಿಕೆ ಎಂದು ಸೇರಿಸಿದರೆ 900 ಕಿಲೋ ಮುಟ್ಟುತ್ತದೆ. ಆದ್ದರಿಂದ ಕೊರೊಲಾ ಬೇಡವೆಂದ ನಿಮ್ಮ ತೀರ್ಮಾನ ಸರಿ. ಎರಡನೆಯದು ಲೈಸೆನ್ಸಿನ ಲೆಕ್ಕ. ಅಲ್ಲಿ ನಿಜವಾದ ತೂಕವನ್ನು ಯಾರೂ ಕೇಳುವುದಿಲ್ಲ. ಕಾರಿನ ಅನುಮತಿಸಿದ ಒಟ್ಟು ತೂಕ ಮತ್ತು ಟ್ರೈಲರ್ ಫಲಕದ ತೂಕ ಇವೆರಡನ್ನೂ ಕೂಡಿಸಿದರೆ, 750 ಕಿಲೋ ಮೀರಿದ ಟ್ರೈಲರ್‌ಗಳಿಗೆ ಬಿ ವರ್ಗದಲ್ಲಿ 3,500 ಕಿಲೋ ದಾಟುವಂತಿಲ್ಲ. ಟ್ರೈಲರ್ ಖಾಲಿಯಿದ್ದರೂ ಇದೇ ಲೆಕ್ಕ.

ನಿಮ್ಮ ಮೂರು ಕಾರುಗಳನ್ನು ಈ ಎರಡು ಲೆಕ್ಕಗಳ ಮುಂದೆ ನಿಲ್ಲಿಸಿ ನೋಡೋಣ. 150 ಅಶ್ವಶಕ್ತಿಯ ಆಕ್ಟೇವಿಯಾ ಡೀಸೆಲ್ ಕಾಂಬಿ ಸುಮಾರು 1,600 ಕಿಲೋ ಎಳೆಯುತ್ತದೆ. ಅದರ ಒಟ್ಟು ತೂಕ ಸುಮಾರು 2,000 ಕಿಲೋ. ಎಲ್‌ಎಸ್4 ಟ್ರೈಲರ್ ಜೊತೆ 3,000, ಇಬ್ಬರು ಕೂರುವ ಗ್ಲೈಡರಿನ ಟ್ರೈಲರ್ ಜೊತೆ 3,400. ಎರಡೂ ಬಿ ಲೈಸೆನ್ಸಿನೊಳಗೇ ಇವೆ. ರ‍್ಯಾವ್4 ವಿಷಯದಲ್ಲಿ ಬಹಳ ಎಚ್ಚರ ಬೇಕು: ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಹೈಬ್ರಿಡ್ 1,650 ಕಿಲೋ ಎಳೆಯುತ್ತದೆ, ಮುಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಹೈಬ್ರಿಡ್ ಎಳೆಯುವುದು 800 ಕಿಲೋ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಾರು. ಮಾರುವವರು 'ರ‍್ಯಾವ್4 ಟ್ರೈಲರ್ ಎಳೆಯುತ್ತದೆ' ಎಂದು ಹೇಳಿದ ಮಾತಿನ ಮೇಲೆ ಮುಂಗಡ ಕೊಡಬೇಡಿ, ಒ.1 ಅಂಕಣದ ಚಿತ್ರ ಕಳಿಸುವಂತೆ ಕೇಳಿ. ಈ ಕಾರಿನ ಒಟ್ಟು ತೂಕವೂ ಹೆಚ್ಚಿರುವುದರಿಂದ 1,400 ಕಿಲೋ ಟ್ರೈಲರ್ ಜೊತೆ 3,500 ದಾಟುತ್ತದೆ, ಆಗ ಬಿ96 ಬೇಕು. ಅದಕ್ಕೆ ಪರೀಕ್ಷೆ ಇಲ್ಲ, ಡ್ರೈವಿಂಗ್ ಶಾಲೆಯಲ್ಲಿ ಏಳು ಗಂಟೆಯ ತರಬೇತಿ ಸಾಕು. ಒಟ್ಟು 4,250 ಕಿಲೋವರೆಗೆ ಅವಕಾಶ ಸಿಗುತ್ತದೆ. ನಿಮ್ಮ ಪತ್ನಿಯವರೂ ಟ್ರೈಲರ್ ತರುವವರಾದ್ದರಿಂದ ಇಬ್ಬರೂ ಆ ತರಬೇತಿ ಪಡೆಯುವುದು ಒಳ್ಳೆಯದು. ಲೈಸೆನ್ಸಿಗೆ ಬೇಕಿಲ್ಲದಿದ್ದರೂ, ಹಿಂದಕ್ಕೆ ಓಡಿಸುವುದನ್ನು ಒಬ್ಬರು ಪಕ್ಕದಲ್ಲಿ ನಿಂತು ಕಲಿಸಿಕೊಡುವುದಕ್ಕಾದರೂ.

ಇನ್ನು ವೇಗ. ಟ್ರೈಲರ್ ಕಟ್ಟಿದರೆ ಇಲ್ಲಿ ಗಂಟೆಗೆ 80 ಕಿಲೋಮೀಟರ್ ಮಿತಿ. ಆಟೋಬಾನ್ ಹೆದ್ದಾರಿಯಲ್ಲಿ 100ಕ್ಕೆ ಅನುಮತಿ ಬೇಕಾದರೆ ಟ್ರೈಲರ್‌ನ ಹಿಂಬದಿಗೆ ಮೊಹರು ಒತ್ತಿದ 100ರ ಫಲಕ ಇರಬೇಕು, ಕಾರಿನಲ್ಲಿ ಎಬಿಎಸ್ ಇರಬೇಕು, ಟ್ರೈಲರ್ ಟೈರುಗಳು ಆರು ವರ್ಷಕ್ಕಿಂತ ಹಳೆಯವಾಗಿರಬಾರದು, ಮತ್ತು ಕಾರಿನ ಖಾಲಿ ತೂಕಕ್ಕೂ ಟ್ರೈಲರ್ ಫಲಕದ ತೂಕಕ್ಕೂ ಒಂದು ಅನುಪಾತ ಹೊಂದಬೇಕು. ಟ್ರೈಲರ್‌ಗೆ ಬ್ರೇಕ್ ಮತ್ತು ಹೈಡ್ರಾಲಿಕ್ ಶಾಕ್ ಅಬ್ಸಾರ್ಬರ್ ಇದ್ದರೆ ಕಾರಿನ ಖಾಲಿ ತೂಕದ 1.1 ಪಟ್ಟು, ಓಲಾಟ ತಡೆಯುವ ಕೊಂಡಿಯೂ ಇದ್ದರೆ 1.2 ಪಟ್ಟು, ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೆ ಕೇವಲ 0.3 ಪಟ್ಟು, ಎಂದರೆ ಯಾವ ಸಾಮಾನ್ಯ ಕಾರಿನಿಂದಲೂ ಆಗದ ಮಾತು. ಹಳೆಯ ಟ್ರೈಲರ್‌ಗಳಲ್ಲಿ ಅದು ಇಲ್ಲದಿರುವುದುಂಟು. ಹಾಗಾಗಿ ಕಾರು ನೋಡುವ ಮೊದಲೇ ಒಮ್ಮೆ ಟ್ರೈಲರ್ ಕೆಳಗೆ ಬಾಗಿ, ಆಕ್ಸಲ್ ಪಕ್ಕದಲ್ಲಿ ಶಾಕ್ ಅಬ್ಸಾರ್ಬರ್ ಇದೆಯೇ ಎಂದು ನೋಡಿ. ಅಲ್ಲಿಯೇ ಟೈರಿನ ಪಕ್ಕದ ಅಂಕಿಯನ್ನೂ ಓದಿ: ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಗ್ಲೈಡರ್ ಟ್ರೈಲರ್ ವರ್ಷದ ಬಹುಪಾಲು ನಿಂತಲ್ಲೇ ನಿಂತಿರುವುದರಿಂದ, ಮೇಲಿನ ಗೀರುಗಳು ಹೊಸದರಂತೆ ಕಂಡರೂ ಪಕ್ಕದ ರಬ್ಬರ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ.

ಓಲಾಟದ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಕಾರಿನ ಆಯ್ಕೆ ನಿಜವಾಗಿ ನಿರ್ಧಾರವಾಗಬೇಕಾದದ್ದು ಇಲ್ಲಿ. ಗ್ಲೈಡರ್ ಟ್ರೈಲರ್ ಹಗುರ, ಆದರೆ ಎಂಟೊಂಬತ್ತು ಮೀಟರ್ ಉದ್ದ, ಒಂದೇ ಆಕ್ಸಲ್. ಪಕ್ಕದ ಗಾಳಿಗೆ ಅದರ ಇಡೀ ಮೈ ಸಿಕ್ಕುತ್ತದೆ. ಲಾರಿಯೊಂದನ್ನು ದಾಟುವಾಗ ಗಾಳಿ ಮೊದಲು ತಳ್ಳಿ ಆಮೇಲೆ ಸೆಳೆಯುತ್ತದೆ, ಟ್ರೈಲರ್ ತೂಗಾಡತೊಡಗುತ್ತದೆ. ಕಡಿಮೆ ವೇಗದಲ್ಲಿ ಆ ತೂಗಾಟ ತಾನಾಗಿಯೇ ಅಡಗುತ್ತದೆ. ಒಂದು ವೇಗ ದಾಟಿದ ಮೇಲೆ ಅಡಗುವ ಬದಲು ಬೆಳೆಯುತ್ತದೆ. ಆ ವೇಗ ಎಷ್ಟೆಂಬುದು ಕಾರು ಎಷ್ಟು ಭಾರ, ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎಷ್ಟು ಅಂತರ, ಹಿಂದಿನ ಚಕ್ರದಿಂದ ಕೊಂಡಿ ಎಷ್ಟು ಹಿಂದಿದೆ, ಮತ್ತು ಕೊಂಡಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ಚಕ್ರಗಳ ನಡುವೆ ಉದ್ದವಿರುವ, ಹಿಂಭಾಗ ಹೆಚ್ಚು ಚಾಚದ ಎಸ್ಟೇಟ್ ಕಾರು ಈ ದೃಷ್ಟಿಯಿಂದ, ಎತ್ತರದ ಗಿಡ್ಡ ಎಸ್‌ಯುವಿಗಿಂತ ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ. ಕೊಂಡಿಯ ಮೇಲಿನ ಭಾರ ಟ್ರೈಲರ್ ತೂಕದ ಕನಿಷ್ಠ ಶೇಕಡ 4 ಇರಬೇಕೆಂದೂ, 25 ಕಿಲೋ ಇದ್ದರೆ ಸಾಕೆಂದೂ ಇಲ್ಲಿನ ಕಾನೂನು ಹೇಳುತ್ತದೆ. ಉದ್ದನೆಯ ಟ್ರೈಲರ್‌ಗೆ ಅಷ್ಟು ಏನೇನೂ ಸಾಲದು. ಕಾರಿಗೂ ಟ್ರೈಲರ್‌ಗೂ ಅನುಮತಿಸಿದ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದರ ಹತ್ತಿರಕ್ಕೆ ಇಟ್ಟುಕೊಳ್ಳಿ. ಪ್ಯಾರಾಶೂಟ್, ಬ್ಯಾಟರಿ, ಉಪಕರಣಗಳ ಪೆಟ್ಟಿಗೆ ಇವನ್ನೆಲ್ಲ ಟ್ರೈಲರ್‌ನ ಹಿಂತುದಿಗೆ ಎಸೆದು ಬಾಗಿಲು ಹಾಕುವ ಅಭ್ಯಾಸ ಮೈದಾನಗಳಲ್ಲಿ ಬಹಳವಿದೆ. ಅವೆಲ್ಲ ಕಾರಿನೊಳಗೆ ಬರಬೇಕು. ಎಸ್ಟೇಟ್ ಕಾರು ಬೇಕೆನ್ನುವುದಕ್ಕೆ ಅದೂ ಒಂದು ಕಾರಣ. ತೂಗಾಟ ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ವೇಗ ಇಳಿಸಬೇಕು, ಸ್ಟಿಯರಿಂಗ್ ನೇರವಾಗಿ ಹಿಡಿದಿರಬೇಕು. ಎದುರು ದಿಕ್ಕಿಗೆ ತಿರುಗಿಸಿ ಸರಿಮಾಡುವ ಪ್ರಯತ್ನ ಬೇಡ.

ಎಸ್‌ಯುವಿಗಳಲ್ಲಿ ಇನ್ನೊಂದು ತೊಂದರೆ ಕೊಂಡಿಯ ಎತ್ತರ. ಭಾರ ಹೇರಿದ ಕಾರಿನಲ್ಲಿ ಕೊಂಡಿಯ ಗುಂಡಿನ ಮಧ್ಯಭಾಗ ನೆಲದಿಂದ 350ರಿಂದ 420 ಮಿಲಿಮೀಟರ್ ಎತ್ತರದಲ್ಲಿರಬೇಕು. ಅದಕ್ಕಿಂತ ಮೇಲಿದ್ದರೆ ಒಂದೇ ಆಕ್ಸಲ್‌ನ ಟ್ರೈಲರ್ ಮೂಗು ಎತ್ತಿಕೊಳ್ಳುತ್ತದೆ, ಉದ್ದನೆಯ ಬಾಲ ನೆಲಕ್ಕೆ ಹತ್ತಿರವಾಗಿ ಹೊಲದ ದಾರಿಯ ಏರಿನಲ್ಲಿ ಉಜ್ಜುತ್ತದೆ.

ಆದರೆ ಒದ್ದೆ ಹುಲ್ಲಿನ ಮೇಲೆ ನಾಲ್ಕು ಚಕ್ರಗಳ ಚಾಲನೆಯ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದಿನ ಚಕ್ರಗಳ ಚಾಲನೆ ಇರುವ ಕಾರಿನಲ್ಲಿ ಕೊಂಡಿಯ ಭಾರ ಹಿಂಭಾಗವನ್ನು ಒತ್ತಿ ಮುಂದಿನ ಚಕ್ರಗಳನ್ನು ಹಗುರ ಮಾಡುವುದರಿಂದ, ಏರಿನಲ್ಲಿ ಅವು ಸುಮ್ಮನೆ ತಿರುಗುತ್ತವೆ. ಆಕ್ಟೇವಿಯಾದಲ್ಲಿಯೇ ನಾಲ್ಕು ಚಕ್ರಗಳ ಚಾಲನೆಯ ಡೀಸೆಲ್ ಸಿಗುತ್ತದೆ. ಸ್ವಲ್ಪ ಕಾದರೂ ಪರವಾಗಿಲ್ಲ, ಅದನ್ನೇ ಹುಡುಕಿ. ಗೇರ್‌ಬಾಕ್ಸ್ ಆಟೋಮ್ಯಾಟಿಕ್ ಇರಲಿ. ಇದೇ ಕಂಪನಿಯ ಸಣ್ಣ ಎಂಜಿನ್‌ಗಳ ಜೊತೆ ಬರುವ ಒಣ ಕ್ಲಚ್‌ನ ಗೇರ್‌ಬಾಕ್ಸ್‌ಗಿಂತ 2.0 ಡೀಸೆಲ್ ಜೊತೆ ಬರುವ ಎಣ್ಣೆಯಲ್ಲಿ ಮುಳುಗಿದ ಕ್ಲಚ್, ಇಂಚಿಂಚಾಗಿ ಸರಿಸುವ ಕೆಲಸವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ನಿಮ್ಮ ಅಶ್ವಶಕ್ತಿಯ ಪ್ರಶ್ನೆಗೆ: 150 ಧಾರಾಳ.

ಉತ್ತರ: ಇಸಾರ್_ಹಕ್ಕಿ (ಮ್ಯೂನಿಕ್)

ಮೇಲಿನವರು ಹೇಳಿದ ತೂಕದ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ನಾನು ಎಲೆಕ್ಟ್ರಿಕ್ ಕಾರಿನ ಬಗ್ಗೆ ಮಾತ್ರ ಬರೆಯುತ್ತೇನೆ. ಕ್ಯೋನಿಗ್ಸ್‌ಡೋರ್ಫ್ ಮೈದಾನಕ್ಕೆ ಐಯಾನಿಕ್ 5ರಲ್ಲಿಯೇ ಟ್ರೈಲರ್ ಕಟ್ಟಿ ಓಡಾಡುತ್ತೇನೆ.

ಎಲೆಕ್ಟ್ರಿಕ್ ಕಾರುಗಳಲ್ಲಿ ಎಳೆಯುವ ಮಿತಿ ಮಾದರಿಯಿಂದ ಮಾದರಿಗೆ ವಿಪರೀತ ಬದಲಾಗುತ್ತದೆ. ಮಾಡೆಲ್ ವೈ 1,600 ಕಿಲೋ ಎಳೆಯಬಹುದು, ಮಾಡೆಲ್ 3 ಎಳೆಯಬಹುದಾದದ್ದು 1,000 ಕಿಲೋ. ಐಯಾನಿಕ್ 5ರಲ್ಲಿ ದೊಡ್ಡ ಬ್ಯಾಟರಿಯದಕ್ಕೆ 1,600 ಕಿಲೋ ಇದ್ದರೆ, 58 ಕಿಲೋವ್ಯಾಟ್-ಗಂಟೆಯ ಚಿಕ್ಕ ಬ್ಯಾಟರಿಯದಕ್ಕೆ 750 ಕಿಲೋ ಮಾತ್ರ. ಬಳಸಿದ ಕಾರು ಕೊಳ್ಳುವಾಗ ಕೊಂಡಿ ಈಗಾಗಲೇ ಇದೆಯೇ ಎಂದು ನೋಡಿ. ಕೆಲವು ಮಾದರಿಗಳಲ್ಲಿ ಅದನ್ನು ಕಾರು ತಯಾರಾಗುವಾಗಲೇ ಹೇಳಿ ಹಾಕಿಸಬೇಕು. ಹೊರಗೆ ಹಾಕಿಸಿದ ಕೊಂಡಿಯಾದರೆ ಅದರ ವಿದ್ಯುತ್ ಜೋಡಣೆ ಕಾರು ಜಾರದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆಗೆ 'ಟ್ರೈಲರ್ ಇದೆ' ಎಂಬ ಸಂಕೇತ ಕೊಡುತ್ತದೆಯೇ ಎಂದು ಕೇಳಿ. ಆ ಸಂಕೇತವಿಲ್ಲದೆ, ತೂಗಾಟವನ್ನು ಗುರುತಿಸಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಇದು ಡೀಸೆಲ್ ಕಾರಿಗೂ ಅನ್ವಯಿಸುತ್ತದೆ.

ಎಳೆಯುವ ಗುಣದಲ್ಲಿ ಎಲೆಕ್ಟ್ರಿಕ್ ಕಾರನ್ನು ಬೇರಾವುದೂ ಮೀರಿಸುವುದಿಲ್ಲ ಎಂದೇ ಹೇಳುತ್ತೇನೆ. ಕಾರು ಎರಡು ಟನ್ ಆಸುಪಾಸು ತೂಗುವುದರಿಂದ ಹಿಂದಿನ 900 ಕಿಲೋ ಅದನ್ನು ಅಲುಗಾಡಿಸುವುದಿಲ್ಲ. ನಿಂತಲ್ಲಿಂದ ಹೊರಡುವಾಗ ಕ್ಲಚ್ ಸುಡುವ ಭಯವಿಲ್ಲ. ಗುಡ್ಡ ಇಳಿಯುವಾಗ ಮೋಟರೇ ವೇಗ ಹಿಡಿದಿಡುತ್ತದೆ. ಗ್ಲೈಡರ್ ಟ್ರೈಲರ್ ತಗ್ಗಾಗಿ, ಕಿರಿದಾಗಿ, ನುಣುಪಾಗಿ ಇರುವುದರಿಂದ ಬಹುಪಾಲು ಕಾರಿನ ಹಿಂದೆಯೇ ಅಡಗುತ್ತದೆ, ಆದ್ದರಿಂದ ವಾಸದ ಕ್ಯಾರವಾನ್ ಎಳೆದಾಗ ಕುಸಿಯುವಂತೆ ರೇಂಜ್ ಕುಸಿಯುವುದಿಲ್ಲ. ಕಷ್ಟವಿರುವುದು ಚಾರ್ಜಿಂಗ್ ನಿಲ್ದಾಣದಲ್ಲಿ. ಹೆಚ್ಚಿನ ಕಡೆ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುವಂತೆಯೇ ಜಾಗ ಮಾಡಿರುತ್ತಾರೆ, ಹಿಂದೆ ಒಂಬತ್ತು ಮೀಟರ್ ಟ್ರೈಲರ್ ದಾರಿಗೆ ಅಡ್ಡವಾಗುತ್ತದೆ. ಪ್ರತಿ ಸಲವೂ ಟ್ರೈಲರ್ ಬಿಚ್ಚಿ, ಲಾರಿಗಳ ಜಾಗದಲ್ಲಿ ಬಿಟ್ಟು, ಚಾರ್ಜ್ ಮಾಡಿ, ಮತ್ತೆ ಕಟ್ಟಬೇಕು. ಸಿಸ್ಟರೋನ್ ಪ್ರಯಾಣದಲ್ಲಿ ಅದನ್ನು ಸಹಿಸಿಕೊಳ್ಳಬಹುದು, ರಜೆಯಲ್ಲವೇ. ಆದರೆ ಸಂಜೆ ಏಳು ಗಂಟೆಗೆ ಫೋನ್ ಬಂದು, 200 ಕಿಲೋಮೀಟರ್ ದೂರದ ಹೊಲಕ್ಕೆ ಒಬ್ಬರೇ ಹೋಗಬೇಕಾದಾಗ ನಿಮ್ಮ ಪತ್ನಿಯವರಿಗೆ ಈ ಕೆಲಸ ಹೊರೆಯಾಗುತ್ತದೆಯೇ ಎಂದು ಅವರನ್ನೇ ಕೇಳಿ. ಹಾರುವ ದಿನಗಳಲ್ಲಿ ಬ್ಯಾಟರಿ ತುಂಬಿಸಿಡುವ ಶಿಸ್ತು ಇರುವವರಿಗೆ ನಾನು ಎಲೆಕ್ಟ್ರಿಕ್ ಕಾರನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಒಟ್ಟು ತೂಕ ಸುಮಾರು 2,400 ಕಿಲೋ ಇರುವುದರಿಂದ 1,400 ಕಿಲೋ ಟ್ರೈಲರ್‌ಗೆ ಬಿ96 ಬೇಕೇ ಬೇಕು ಎಂಬುದನ್ನು ಮರೆಯಬೇಡಿ.

ಉತ್ತರ: ಡನ್‌ಸ್ಟಬಲ್_ಕನ್ನಡಿಗ (ಇಂಗ್ಲೆಂಡ್)

ನಾನು ಇಂಗ್ಲೆಂಡಿನಲ್ಲಿರುವುದರಿಂದ ಕಾನೂನು ಬೇರೆ. ಗ್ರೇಟ್ ಬ್ರಿಟನ್ನಿನಲ್ಲಿ 2021ರ ಡಿಸೆಂಬರ್ 16ರಿಂದ ಸಾಮಾನ್ಯ ಕಾರ್ ಲೈಸೆನ್ಸ್ ಇದ್ದವರೂ 3,500 ಕಿಲೋವರೆಗಿನ ಟ್ರೈಲರ್ ಎಳೆಯಬಹುದು. ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ ಮಿತಿ, ಮೂರು ಅಥವಾ ಹೆಚ್ಚು ಲೇನ್ ಇದ್ದಲ್ಲಿ ತೀರಾ ಬಲಗಡೆಯ ಲೇನಿಗೆ ಹೋಗುವಂತಿಲ್ಲ. ಈ ಚರ್ಚೆಯನ್ನು ಇಲ್ಲಿಂದ ಓದುವ ಕನ್ನಡಿಗರಿಗೆ ಉಪಯೋಗವಾಗಲೆಂದು ಬರೆದೆ.

ಪ್ರಶ್ನೆ ಕೇಳಿದವರಿಗೆ ನನ್ನ ಒಂದೇ ಸಲಹೆ: ಕಾರನ್ನು ನಿಮ್ಮ ಪತ್ನಿಯವರು ಆರಿಸಲಿ. ನೀವು ಹೊಲದಲ್ಲಿ ಗ್ಲೈಡರ್ ಕಾಯುತ್ತಾ ಕುಳಿತಿರುತ್ತೀರಿ. ಗೊತ್ತಿಲ್ಲದ ಹಳ್ಳಿಯ ಕಿರಿದಾದ ದಾರಿಯಲ್ಲಿ, ಕತ್ತಲಾಗುವ ಹೊತ್ತಿಗೆ, ಗೇಟು ಹುಡುಕಿಕೊಂಡು ಬರುವವರು ಅವರು. ಸೀಟಿನ ಎತ್ತರ, ಕನ್ನಡಿಗಳಲ್ಲಿ ಟ್ರೈಲರ್‌ನ ಎರಡೂ ಪಕ್ಕಗಳು ಕಾಣುವುದು, ಹಿಂದಿನ ಕ್ಯಾಮೆರಾದಲ್ಲಿ ಕೊಂಡಿ ಸ್ಪಷ್ಟವಾಗಿ ಕಾಣುವುದು, ಇವೆಲ್ಲ ಅವರಿಗೆ ಹೊಂದಬೇಕು. ಸಹಾಯಕ್ಕೆ ಯಾರೂ ಇಲ್ಲದಾಗ ಕ್ಯಾಮೆರಾ ನೋಡಿಕೊಂಡು ಕೊಂಡಿಯನ್ನು ಟ್ರೈಲರ್ ತಲೆಯ ಕೆಳಗೆ ಸರಿಯಾಗಿ ತಂದು ನಿಲ್ಲಿಸಬಹುದು. ಉದ್ದನೆಯ ಟ್ರೈಲರ್ ಹಿಂದಕ್ಕೆ ನಿಧಾನವಾಗಿ ತಿರುಗುವುದರಿಂದ, ಚಿಕ್ಕ ಲಗೇಜ್ ಟ್ರೈಲರ್‌ಗಿಂತ ಹಿಂದೆ ಓಡಿಸುವುದು ಸುಲಭ; ಅವರು ಹೆದರಬೇಕಾಗಿಲ್ಲ. ಎಚ್ಚರ ಬೇಕಿರುವುದು ಪೆಟ್ರೋಲ್ ಬಂಕಿನಲ್ಲಿ. ಆಕ್ಸಲ್‌ನ ಹಿಂದೆ ಬಹಳ ಉದ್ದ ಚಾಚಿರುವುದರಿಂದ, ಕಾರು ಎಡಕ್ಕೆ ತಿರುಗಿದರೆ ಬಾಲ ಬಲಕ್ಕೆ ಹೊರಳಿ ಪಂಪಿಗೆ ತಗಲುತ್ತದೆ.

ಮತ್ತೆ: ನೆಕ್ಕರ್‌ತೀರ

ಇಷ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ವಂದನೆಗಳು. ಎಲ್ಲವನ್ನೂ ಮನೆಯಲ್ಲಿ ಓದಿ ಹೇಳಿದೆ. ಟ್ರೈಲರ್ ಕೆಳಗೆ ನೋಡಿದಾಗ ಶಾಕ್ ಅಬ್ಸಾರ್ಬರ್ ಇದೆ, ಆದರೆ ಟೈರುಗಳು 2016ರವು. ಅವನ್ನು ಮೊದಲು ಬದಲಿಸುತ್ತೇವೆ. ಚಾರ್ಜಿಂಗ್‌ಗಾಗಿ ಒಬ್ಬರೇ ಟ್ರೈಲರ್ ಬಿಚ್ಚಿ ಕಟ್ಟುವ ಮಾತು ಪತ್ನಿಗೆ ಒಪ್ಪಿಗೆಯಾಗಲಿಲ್ಲ, ಆದ್ದರಿಂದ ನಾಲ್ಕು ಚಕ್ರಗಳ ಚಾಲನೆಯ ಆಕ್ಟೇವಿಯಾ ಡೀಸೆಲ್ ಹುಡುಕಲು ತೀರ್ಮಾನಿಸಿದ್ದೇವೆ. ಇನ್ನೆರಡು ಸಂಶಯಗಳು: ಕೊಂಡಿಯ ಮೇಲಿನ ಭಾರವನ್ನು ಮನೆಯಲ್ಲಿಯೇ ಅಳೆಯಬಹುದೇ? ಸಿಸ್ಟರೋನ್ ದಾರಿಯ ಏರುಗಳಿಗೆ ಎಳೆಯುವ ಮಿತಿಯಲ್ಲಿ ಏನಾದರೂ ಕಡಿತ ಮಾಡಿಕೊಳ್ಳಬೇಕೇ?

ಉತ್ತರ: ಬೆಟ್ಟದಗಾಳಿ (ಉಲ್ಮ್)

ಖಂಡಿತ ಅಳೆಯಬಹುದು. ಗ್ಲೈಡರನ್ನೂ ಸಾಮಾನುಗಳನ್ನೂ ಪ್ರಯಾಣಕ್ಕೆ ಹೊರಡುವಂತೆಯೇ ಹೇರಿ, ಟ್ರೈಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಮನೆಯಲ್ಲಿ ದೇಹದ ತೂಕ ನೋಡುವ ಯಂತ್ರವನ್ನು ಟ್ರೈಲರ್ ತಲೆಯ ನೇರ ಕೆಳಗಿಟ್ಟು, ಅದರ ಮೇಲೆ ಒಂದು ಮರದ ತುಂಡನ್ನು ನಿಲ್ಲಿಸಿ. ತುಂಡಿನ ಉದ್ದ ಎಷ್ಟಿರಬೇಕೆಂದರೆ, ಟ್ರೈಲರ್ ತಲೆ ಅದರ ಮೇಲೆ ಕುಳಿತಾಗ ಕಾರಿಗೆ ಕಟ್ಟಿದಾಗಿನ ಎತ್ತರದಲ್ಲಿಯೇ ಇರಬೇಕು. ಮುಂದಿನ ಪುಟ್ಟ ಚಕ್ರವನ್ನು ಮೇಲೆತ್ತಿದಾಗ ಯಂತ್ರ ತೋರಿಸುವ ಅಂಕಿಯೇ ಕೊಂಡಿಯ ಭಾರ. ಒಟ್ಟು ತೂಕಕ್ಕೆ ಮಾತ್ರ ಹತ್ತಿರದ ಜಲ್ಲಿ ಕ್ವಾರಿಯಲ್ಲೋ ಬೇರೆಲ್ಲೋ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ.

ಏರಿನ ವಿಷಯಕ್ಕೆ ಬಂದರೆ, ಕಾರು ತಯಾರಕರು ಕೊಡುವ ಮಿತಿ ಸಾಮಾನ್ಯವಾಗಿ ಶೇಕಡ 12ರವರೆಗಿನ ಏರಿಗೆ ಹೇಳಿದ್ದು. ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಎತ್ತರಕ್ಕೆ ಶೇಕಡ 10ರಷ್ಟು ಕಡಿತ ಮಾಡಬೇಕೆಂದು ಅನೇಕ ಕೈಪಿಡಿಗಳಲ್ಲಿ ಇರುತ್ತದೆ. ಗ್ರೆನೋಬಲ್ ದಾಟಿದ ಮೇಲೆ ಸಿಗುವ ಕ್ರೋವಾ-ಓತ್ ಘಾಟಿಯ ಎತ್ತರ 1,179 ಮೀಟರ್. 1,600 ಕಿಲೋ ಮಿತಿಯ ಕಾರಿಗೆ ಅಲ್ಲಿ ಸುಮಾರು 1,400 ಉಳಿಯುತ್ತದೆ, ಎಲ್‌ಎಸ್4 ಟ್ರೈಲರ್‌ಗೆ ಯಾವ ಚಿಂತೆಯೂ ಇಲ್ಲ. ಇಬ್ಬರು ಕೂರುವ ಗ್ಲೈಡರನ್ನು ಆ ದಾರಿಯಲ್ಲಿ ಒಯ್ಯುವುದಾದರೆ ಮೊದಲು ತೂಗಿಸಿ ನೋಡಿ. ಸ್ವಿಟ್ಜರ್ಲೆಂಡಿನ ಮೋಟರ್‌ವೇ ವಿನ್ಯೆಟ್ (ರಸ್ತೆ ಶುಲ್ಕದ ಚೀಟಿ) ಕಾರಿಗೊಂದು, ಟ್ರೈಲರ್‌ಗೆ ಪ್ರತ್ಯೇಕವಾಗಿ ಇನ್ನೊಂದು ಬೇಕಾಗುತ್ತದೆ. ಎರಡನ್ನೂ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.